ಗೋಡೆ ಕಳೆದುಕೊಂಡ ಮರ

ಗಾಳಿ ಎಡಗೆನ್ನೆಗೆ ಮಾತ್ರ ಬಡಿಯುತ್ತಿದೆ, ಬಲಗೆನ್ನೆ ಬೆಚ್ಚಗೇ ಇದೆ, ಒಂದೇ ಮುಖಕ್ಕೆ ಎರಡು ಋತು ಎಂದುಕೊಂಡಳು ಹವೀಸ್, ನಗು ಬಂತು, ನಗುವಿನ ಬೆನ್ನಿಗೇ ನೋವೂ ಬಂತು — ಸೊಂಟದಿಂದ ಎದ್ದು ಹೊಟ್ಟೆಯನ್ನು ಹಗ್ಗದ ಹಾಗೆ ಬಿಗಿದು, ಬಿಗಿದು, ಬಿಟ್ಟಿತು. ಬೀಸಲಿ, ಇನ್ನೂ ಬೀಸಲಿ, ಗಾಳಿ ಬರುತ್ತಿರುವ ಕಡೆ ಗೋಡೆಯಿಲ್ಲ, ಗೋಡೆಯಿದ್ದ ಜಾಗದಲ್ಲಿ ಆಕಾಶ, ಆಕಾಶದ ಕೆಳಗೆ ಗಿರಣಿಯ ಕೆರೆ, ಕೆರೆಗೂ ಇವಳು ಮಲಗಿರುವ ಹುಲ್ಲುಹಾಸಿಗೆಗೂ ನಡುವೆ ಅಮ್ಮನ ಮರಸೇಬಿನ ಮರ. ಗಿಡವಾಗಿದ್ದಾಗಲೇ ಅಮ್ಮ ಅದನ್ನು ಗೋಡೆಗೆ ಒರಗಿಸಿ, ಒಂದೊಂದು ಕೊಂಬೆಗೂ ಚರ್ಮದ ಪಟ್ಟಿ ಹಾಕಿ, ಪಟ್ಟಿಯನ್ನು ಕಲ್ಲಿನ ಸಂದಿಗೆ ಮೊಳೆ ಹೊಡೆದು, ಎಡಕ್ಕೂ ಬಲಕ್ಕೂ ಹರಡಿ ಬೆಳೆಸಿದ್ದಳು, ಬಿಸಿಲಿಗೆ ಕಾದ ಕಲ್ಲಿಗೆ ಬೆನ್ನು ಕೊಟ್ಟರೆ ಹಣ್ಣು ಬೇಗ ಸಿಹಿಯಾಗುತ್ತೆ ಕಣೇ ಎನ್ನುತ್ತಿದ್ದಳು. ಈಗ ಕಲ್ಲಿಲ್ಲ, ಮರವಿದೆ, ಚಪ್ಪಟೆಯಾಗಿ, ಎರಡೂ ಕಡೆಗೆ ತೋಳು ಚಾಚಿಕೊಂಡು, ಬೆನ್ನ ಹಿಂದೆ ಏನೂ ಇಲ್ಲದೆ. ನೋಡಿದವರು ಅಯ್ಯೋ ಅನ್ನುತ್ತಾರೆ. ಹವೀಸ್ ಅನ್ನುವುದಿಲ್ಲ. ಕೆಲವು ವಾರಗಳಿಂದ ಆ ಮರವನ್ನು ನೋಡುವಾಗಲೆಲ್ಲ ಬಾಯಿಯೊಳಗೆ ಸಿಹಿಯಾಗುತ್ತದೆ. ಆ ಗೋಡೆ ಕೆಡವಿಸಿದವನು ಅವನೇ, ಅವಳ ಗಂಡ ವಾರಿನ್, ಅವನ ಬಾಯಿಂದಲೇ ಹೊರಟ ಅಪ್ಪಣೆ. ಅಮ್ಮಣ್ಣೀ, ಹೊಸ ಮನೇಲಿ ಬೆಂಕಿ ಇತ್ತು, ಪರದೆ ಇತ್ತು, ಈ ಹಾಳುಬಿದ್ದ ಕೋಣೇಲಿ ಏನಿದೆ ಅಂತ ಬಂದ್ರಿ ಎಂದು ಸೂಲಗಿತ್ತಿ ಗನ್ನಿಲ್ಡ್ ಮತ್ತೆ ಗೊಣಗುತ್ತಾಳೆ, ಗೊಣಗುತ್ತಲೇ ತನ್ನ ಸೆರಗಿನಂಥ ತಲೆವಸ್ತ್ರ ಬಿಚ್ಚಿ ಇವಳ ಪಾದಕ್ಕೆ ಸುತ್ತುತ್ತಾಳೆ, ಪಾದ ಊದಿ ಉಬ್ಬಿದ ರೊಟ್ಟಿಯ ಹಾಗಾಗಿದೆ. ನಾನು ಹುಟ್ಟಿದ್ದು ಇಲ್ಲೇ ಗನ್ನಿಲ್ಡ್, ನಮ್ಮಮ್ಮ ಹುಟ್ಟಿದ್ದೂ ಇಲ್ಲೇ. ಸುಳ್ಳಲ್ಲ. ನಿಜವನ್ನೇ ಹೇಳಿ ಮರೆಮಾಚುವುದನ್ನು ಈ ಮನೆಯಲ್ಲೇ ಕಲಿತಳು.

ಕ್ರಿಸ್ಮಸ್ ಕಳೆದ ಮೇಲಿನ ಆ ಊಟ, ಹಾವುಮೀನಿನ ಕಡುಬು, ಅದರ ಮೇಲಿನ ಹಿಟ್ಟಿನ ಮುಚ್ಚಳವನ್ನು ಹವೀಸಳೇ ಕತ್ತರಿಸಿ ಬಡಿಸುತ್ತಿದ್ದಳು, ಪಟ್ಟಣದಿಂದ ಬಂದ ವಕೀಲ ಗಡ್ಡಕ್ಕೆಲ್ಲ ಜಿಡ್ಡು ಮೆತ್ತಿಕೊಂಡು ಮಾತಾಡುತ್ತಿದ್ದ, ಅವಳು ಅಲ್ಲೇ ನಿಂತಿದ್ದಾಳೆ ಎನ್ನುವುದು ಇಬ್ಬರಿಗೂ ಲೆಕ್ಕಕ್ಕಿರಲಿಲ್ಲ, ದೀಪದ ಕಂಬಕ್ಕೆ ಕಿವಿ ಇರುತ್ತದೆಯೇ. ಎಲ್ಮ್‌ಸ್ಟೋ ಅಂದ್ರೆ ಹೆಂಡ್ತಿ ಕಡೆ ಆಸ್ತಿ ಅಲ್ವಾ ದೊರೆ, ಆಕೆ ಕಣ್ಮುಚ್ಚಿದ್ರೆ ಅದು ಆಕೆ ತಂಗಿಗೆ ಹೋಗುತ್ತೆ, ನೀವು ಗಂಟು ಕಟ್ಕೊಂಡು ಹೊರಡ್ಬೇಕು. ಆದ್ರೆ ಒಂದು ಮಗು ಹುಟ್ಟಿತು ಅನ್ನಿ, ಅತ್ತಿತು ಅನ್ನಿ, ಗಂಡಸರು ಕಿವಿಯಾರೆ ಕೇಳಿದ್ರು ಅನ್ನಿ, ಆಮೇಲೆ ತಾಯಿ ಸತ್ತರೂ ಅಷ್ಟೇ, ಮಗು ಸತ್ತರೂ ಅಷ್ಟೇ, ನೀವು ಇರೋವರೆಗೂ ನೆಲ ನಿಮ್ಮ ಕೈಲೇ. ಒಂದ್ಸಲ ಅತ್ರೆ ಸಾಕಾ ಎಂದು ವಾರಿನ್ ಕೇಳಿದ. ಸಾಕು, ಆದ್ರೆ ನಾಲ್ಕು ಗೋಡೆ ಒಳಗೆ ಅಳಬೇಕು, ಅದನ್ನ ಮರೀಬೇಡಿ, ಹೊಲದಲ್ಲಿ ದಾರೀಲಿ ಅತ್ತಿದ್ದು ನಡಿಯಲ್ಲ, ಯಾರೋ ಒಬ್ಬನ ಹೆಂಡ್ತಿ ಸಂತೆಗೆ ಹೋಗ್ತಾ ಗಾಡೀಲೇ ಹೆತ್ತಳು, ಮಗು ಸಂತೆಗೆ ಸಂತೆಯೇ ಕೇಳೋ ಹಾಗೆ ಅತ್ತಿತು, ಕೊನೇಲಿ ಗಂಡನಿಗೆ ಸಿಕ್ಕಿದ್ದು ಗಾಡಿ ಮಾತ್ರ. ಇಬ್ಬರೂ ಮೇಜು ಕುಟ್ಟಿ ನಕ್ಕರು, ವಾರಿನ್ ಜಿಡ್ಡು ಬೆರಳಿಂದ ಅವಳ ಕೆನ್ನೆ ಹಿಂಡಿದ, ಕೇಳಿಸ್ಕೊಂಡ್ಯಾ ಹವೀಸ್, ಒಂದ್ಸಲ ಅತ್ರೆ ಸಾಕಂತೆ, ನೀನು ಅಷ್ಟೂ ಮಾಡ್ಲಿಲ್ಲ. ಅಷ್ಟೂ. ಅವಳಿಗೆ ಅದಾಗಲೇ ಎರಡು ಹುಟ್ಟಿ ಹೋಗಿದ್ದವು, ಎರಡೂ ನೀಲಿ, ಎರಡೂ ಮೌನ, ಆಗ ಬಾಗಿಲಾಚೆ ನಿಂತಿದ್ದವನು ಒಳಗೆ ಬಂದು ಹೆಂಡತಿ ಹೇಗಿದ್ದಾಳೆ ಎಂದು ಕೇಳಲಿಲ್ಲ, ಗಂಡೋ ಹೆಣ್ಣೋ ಕೇಳಲಿಲ್ಲ, ಸ್ವಲ್ಪಾನೂ ಅಳಲಿಲ್ವಾ ಎಂದು ಗನ್ನಿಲ್ಡಳನ್ನು ಕೇಳಿದ, ಕುಂಯ್ಗುಟ್ಟಿದ ಹಾಗಾದ್ರೂ? ಕಡುಬಿನ ಚಾಕು ಹವೀಸಳ ಕೈಯಲ್ಲೇ ಇತ್ತು. ಅವಳು ಇನ್ನೊಂದು ತುಂಡು ಕತ್ತರಿಸಿ ಅವನ ತಟ್ಟೆಗೆ ಹಾಕಿದಳು, ದೊಡ್ಡ ತುಂಡು, ತಿನ್ನು, ತಿನ್ನು, ನನ್ನ ಕೆರೆಯ ಮೀನು.

ಮತ್ತೆ ಬಂತು, ಉಸಿರು ಬಿಡಿ ಅಮ್ಮಣ್ಣೀ, ಬಿಗಿ ಹಿಡೀಬೇಡಿ — ಕುತ್ತಿಗೆಯ ಹಿಂದೆ ಗನ್ನಿಲ್ಡಳ ಅಂಗೈ, ಒರಟು, ಬಿಸಿ. ಕುತ್ತಿಗೆಯ ಇದೇ ಜಾಗದಲ್ಲಿ ಅಂದು ಇನ್ನೊಂದು ಕೈ ಇತ್ತು. ಇಗರ್ಜಿಯ ಬಾಗಿಲು, ಮಳೆ ನಿಂತ ಬೆಳಗು, ಅಪ್ಪ ಸತ್ತ ಮೇಲೆ ಅವಳ ಮದುವೆ ಮಾಡಿಸುವ ಹಕ್ಕನ್ನು ರಾಜನಿಂದ ಕೊಂಡ ಮುದುಕ, ವಾರಿನ್‌ನ ಸೋದರಮಾವ, ಅವಳ ಹಿಂದೆಯೇ ನಿಂತಿದ್ದ. ಒಪ್ಪಿಗೆಯೇನಮ್ಮಾ ಎಂದು ಪಾದ್ರಿ ಕೇಳಿದರು. ಅವಳು ಪಾದ್ರಿಯ ಬೂಟಿಗೆ ಮೆತ್ತಿದ ಕೆಸರು ನೋಡುತ್ತಿದ್ದಳು, ಮಾತು ಹೊರಡಲಿಲ್ಲ, ಆಗ ಮುದುಕನ ಕೈ ಅವಳ ಕುತ್ತಿಗೆ ಹಿಡಿದು ತಲೆಯನ್ನು ಕೆಳಗೊತ್ತಿ ಮೇಲೆತ್ತಿತು, ಅಷ್ಟೇ, ಹುಡುಗಿ ತಲೆಯಾಡಿಸಿದಳು ಎಂದರು ಎಲ್ಲರೂ. ಹದಿನಾಲ್ಕು ತುಂಬಿತ್ತು. ಅಂದೇ ವಾರಿನ್ ಕುದುರೆಯೇರಿ ಗಡಿಯುದ್ದಕ್ಕೂ ಸುತ್ತಿ ಬಂದ, ನನ್ನ ಗಿರಣಿ, ನನ್ನ ಕಾಡು, ನನ್ನ ಕೆರೆ, ಹಿಂದೆ ಕತ್ತೆಯ ಮೇಲೆ ಕೂತು ಬರುತ್ತಿದ್ದ ಹವೀಸ್ ಅವನ ಒಂದೊಂದು ನನ್ನದಕ್ಕೂ ಮನಸ್ಸಿನಲ್ಲೇ ಅಲ್ಲ ಅಂದಳು. ಅಲ್ಲ. ಆಮೇಲೆ ತಂಗಿ ಇಡೋನಿಯಳನ್ನು ಸನ್ಯಾಸಿನಿಯರ ಮಠಕ್ಕೆ ಸಾಗಿಸಿದ, ಅಕ್ಕಾ ಅಕ್ಕಾ ಎಂದು ಗಾಡಿಯ ಹಿಂದಿನಿಂದ ಕೈ ಚಾಚಿದ್ದಳು ಮಗು, ಅವಳ ತಲೆಗೂದಲು ಕತ್ತರಿಸಿ ದೀಕ್ಷೆ ಕೊಟ್ಟುಬಿಟ್ಟರೆ ಆಸ್ತಿ ಕೇಳಲು ಯಾರೂ ಉಳಿಯುವುದಿಲ್ಲ ಎಂಬುದು ಅವನ ಎಣಿಕೆ, ಆದರೆ ಆ ಮಠದ ತಾಯಿ, ದೇವರು ಅವರನ್ನು ಚೆನ್ನಾಗಿಟ್ಟಿರಲಿ, ಪ್ರತಿ ಸಲವೂ ಒಂದೊಂದು ನೆವ ಹೇಳಿ ಕಳಿಸುತ್ತಾರೆ, ಹುಡುಗಿಗೆ ಕೆಮ್ಮು, ಈಸ್ಟರ್ ಕಳೀಲಿ ದೊರೆ, ಹುಡುಗಿಗೆ ಪ್ರಾರ್ಥನೆ ಇನ್ನೂ ಬಾಯಿಗೆ ಬಂದಿಲ್ಲ, ಕುಯ್ಲು ಕಳೀಲಿ. ಇಡೋನಿಯಳ ಜಡೆ ಈಗ ಸೊಂಟ ಮುಟ್ಟುತ್ತದಂತೆ. ಬೆಳೆಯಲಿ. ಆ ಜಡೆ ಹಾಕಿಕೊಂಡೇ ಅವಳು ಹೆಬ್ಬಾಗಿಲಿಂದ ಒಳಗೆ ಬರಬೇಕು, ಅದೇ ಹೊತ್ತಿಗೆ ಇವನು ಗಂಟು ಕಟ್ಟಿಕೊಂಡು ಹೊರಗೆ ಹೋಗಬೇಕು, ಆ ಬಾಗಿಲ ಮೇಲೆ ತಾನೇ ಕೆತ್ತಿಸಿದ, ತನ್ನ ಮನೆತನದ ಗುರುತಾದ ಕಾಡುಹಂದಿಯ ಮೂತಿಯ ಕೆಳಗಿಂದ.

ಆ ಹೆಬ್ಬಾಗಿಲಿಗೆ ಕಲ್ಲು ಬೇಕಾಗಿತ್ತು. ಗಣಿಯಿಂದ ತರಿಸಿದರೆ ಖರ್ಚು, ಹಳೇ ಮನೇಲಿ ಕೆತ್ತಿದ ಕಲ್ಲು ಸುಮ್ನೆ ಬಿದ್ದಿದೆಯಲ್ಲ, ಆ ಹೆಂಗಸರ ಕೋಣೆ ಗೋಡೆ ಬಿಚ್ಚು ಎಂದು ಕಲ್ಲುಕೆಲಸದ ಹಾಬ್‌ಗೆ ವಾರಿನ್ ಹೇಳಿದ. ಹಾಬ್ ಬಿಚ್ಚಿದ, ಏನು ಮಾಡಿಯಾನು, ಆದರೆ ಮೊದಲು ಏಣಿ ಹಾಕಿಕೊಂಡು ಮರದ ಒಂದೊಂದು ಮೊಳೆಯನ್ನೂ ಇಕ್ಕಳದಿಂದ ಕಿತ್ತ, ತೊಗಟೆಗೆ ಗೀರು ಬೀಳದ ಹಾಗೆ, ಮೊಳೆಗಳನ್ನೆಲ್ಲ ಬಟ್ಟೆಯಲ್ಲಿ ಕಟ್ಟಿ ಅವಳ ಕೈಗೆ ಕೊಟ್ಟ, ನಿಮ್ಮ ತಾಯಿ ಹೊಡೆದದ್ದು ಅಮ್ಮಾವ್ರೇ. ಅವನೇ ಅಲ್ಲವೆ ಆ ಎರಡು ಕೂಸುಗಳಿಗೂ — ಜ್ಞಾನಸ್ನಾನವಾಗದ ಶವಕ್ಕೆ ಇಗರ್ಜಿಯ ಸಮಾಧಿತೋಟದೊಳಗೆ ಜಾಗವಿಲ್ಲ ಎಂದು ಗೋಡೆಯಾಚೆ ಹೂಳಿಸಿದ್ದರು, ಬೇಲಿಯ ಬುಡದಲ್ಲಿ, ನಾಯಿ ಸತ್ತರೆ ಹೂಳುವ ಕಡೆ. ಎರಡನೆಯದು ಹೋದ ಚಳಿಗಾಲದಲ್ಲಿ ಆ ಗೋಡೆ ರಿಪೇರಿಗೆ ಬಂದ ಹಾಬ್ ನೆಟ್ಟಗಿದ್ದ ಗೋಡೆಯನ್ನು ಅಲ್ಲೊಂದು ಕಡೆ ಹೊಟ್ಟೆ ಬಂದ ಹಾಗೆ ಹೊರಗೆ ಬಾಗಿಸಿ ಕಟ್ಟಿದ, ಮಣ್ಣು ಸಡಿಲ ಇತ್ತು ಪಾದ್ರಿಗಳೇ, ಸ್ವಲ್ಪ ಆಚೆ ಸರಿಸಬೇಕಾಯ್ತು ಎಂದ, ಎರಡೂ ಕೂಸುಗಳು ಒಳಗೆ ಬಂದವು. ಪಾದ್ರಿ ಕೆಮ್ಮಿ ಒಳಗೆ ಹೋದರು. ಹವೀಸ್ ಆ ಬಾಗಿದ ಗೋಡೆಯ ಮುಂದೆ ಎಷ್ಟೋ ಹೊತ್ತು ನಿಂತಿದ್ದಳು, ಒಂದು ಗೋಡೆ ಎಲ್ಲಿದೆ, ಎಲ್ಲಿಲ್ಲ ಎನ್ನುವುದರಲ್ಲಿ ಏನೆಲ್ಲ ಇದೆ ಎಂದು ಅವಳಿಗೆ ಕಲಿಸಿದ್ದು ವಕೀಲನಲ್ಲ.

ಮೂರನೆಯದು ಹೊಟ್ಟೆಯಲ್ಲಿ ನಿಂತಿತು. ಗನ್ನಿಲ್ಡ್ ಕೈಯಿಟ್ಟು ನೋಡಿದವಳು ಮುಖ ತಿರುಗಿಸಿಕೊಂಡಳು, ಪಾದ ಊದಿತು, ಮುಖ ಊದಿತು, ಕಣ್ಣ ಮುಂದೆ ಕಪ್ಪು ಹುಳಗಳು ಹಾರಾಡಿದವು, ಅಮ್ಮನಿಗೂ ಕೊನೆಗೆ ಹೀಗೇ ಆಗಿತ್ತು. ನಿಜ ಹೇಳು ಗನ್ನಿಲ್ಡ್. ಮಗು ತಿಂಗಳು ತುಂಬೋವರೆಗೆ ನಿಲ್ಲಲ್ಲ ಅಮ್ಮಣ್ಣೀ, ಬಂದರೂ ಅದಕ್ಕೆ ಉಸಿರಿನ ಶಕ್ತಿ ಇರಲ್ಲ. ನನಗೆ? ಗನ್ನಿಲ್ಡ್ ಅವಳ ಕೂದಲು ಬಾಚಲು ಕೂತಳು, ಅಗತ್ಯಕ್ಕಿಂತ ಹೆಚ್ಚು ಹೊತ್ತು ಬಾಚಿದಳು, ಅದೇ ಉತ್ತರ. ಅಂದು ಮಲಗಿ ಹವೀಸ್ ಯೋಚಿಸಿದ್ದಳು, ಅಳದಿರಲಿ, ದೇವರೇ, ಇದೂ ಅಳದಿರಲಿ, ಅತ್ತರೆ ಅವನಿಗೆ ಎಲ್ಮ್‌ಸ್ಟೋ, ಅವನಿನ್ನೂ ಮೂವತ್ತು ದಾಟಿಲ್ಲ, ಇಡೋನಿಯ ಮುದುಕಿಯಾಗುವವರೆಗೂ ಅವನೇ ತಿನ್ನುತ್ತಾನೆ, ಅಳಲು ಬಾಯಿ ತೆರೆದರೆ ನಾನೇ — ಕಂಬಳಿಯ ಕೆಳಗೆ ತನ್ನ ಕೈ ತಾನಾಗಿ ಬಟ್ಟಲಿನಂತೆ ಬಾಗಿದ್ದು ಅವಳಿಗೆ ಗೊತ್ತಾಯಿತು, ಒಂದು ಪುಟ್ಟ ಬಾಯಿಗೆ ಸರಿಹೋಗುವಷ್ಟು. ಎದ್ದು ಕೂತಳು. ಕೈಯನ್ನು ತಣ್ಣೀರಿನಲ್ಲಿ ಅದ್ದಿದಳು. ಇಂಥ ಪ್ರಾರ್ಥನೆ ಮಾಡಿಸಿದನಲ್ಲ ನನ್ನ ಕೈಯಲ್ಲಿ, ನೆಲ ತಿಂದ, ತಂಗಿಯನ್ನು ತಿಂದ, ಈಗ ನನ್ನ ಕೂಸು ಅಳಬಾರದು ಎಂದು ನಾನೇ ಬೇಡುವ ಹಾಗೆ ಮಾಡಿದ, ಇದಕ್ಕೆ ಅವನು ಕೊಡಬೇಕು, ಇದಕ್ಕೇ ಎಲ್ಲಕ್ಕಿಂತ ಹೆಚ್ಚು ಕೊಡಬೇಕು. ಬೆಳಗಾದ ಮೇಲೆ ಕಿಟಕಿಯಿಂದ ಮರ ಕಂಡಿತು, ತೋಳು ಚಾಚಿಕೊಂಡು, ಬೆನ್ನ ಹಿಂದೆ ಏನೂ ಇಲ್ಲದೆ. ನೋಡಿದಳು, ಮತ್ತೆ ನೋಡಿದಳು. ಗಾಡೀಲಿ ಹೆತ್ತಳು, ಗಂಡನಿಗೆ ಸಿಕ್ಕಿದ್ದು ಗಾಡಿ ಮಾತ್ರ. ಅಳಲಿ. ಆ ಮರದ ಕಡೆಯ ಕೋಣೆಯಲ್ಲಿ ಎಷ್ಟು ಬೇಕಾದರೂ ಅಳಲಿ ನನ್ನ ಕೂಸು, ಊರೆಲ್ಲ ಕೇಳಲಿ, ಅವನೂ ಕೇಳಲಿ. ಯಾರಿಗೂ ಹೇಳಲಿಲ್ಲ, ಗನ್ನಿಲ್ಡಳಿಗೂ ಇಲ್ಲ, ಕೆನ್ನೆಯೊಳಗೆ ಹಣ್ಣಿನ ಬೀಜ ಇಟ್ಟುಕೊಂಡ ಹಾಗೆ ಇಟ್ಟುಕೊಂಡಳು. ಇವತ್ತು ವಾರಿನ್ ಬೇಟೆಗೆ ಹೋಗಿದ್ದಾನೆ, ನೀರೊಡೆಯಿತು, ಅವಳು ಎದ್ದು ಅಂಗಳ ದಾಟಿ ಇಲ್ಲಿಗೆ ನಡೆದು ಬಂದಳು.

ಗಂಡಸರೂ ಹಿಂದೆಯೇ ಬಂದರು, ಬರಲೇಬೇಕು, ಅಳು ಕೇಳಲು ವಾರಿನ್ ಗೊತ್ತು ಮಾಡಿದವರು, ಹೊರಗೆ ಗೋಡೆಗೆ ಬೆನ್ನು ಹಾಕಿ ನಿಂತಿದ್ದಾರೆ, ಮೇಸ್ತ್ರಿ ಹಾಬ್, ಹೊಸ ಗಿರಣಿಯವನು, ವಾರಿನ್‌ನ ಪಾರುಪತ್ಯಗಾರ ಥರ್ಸ್ಟನ್. ಏನೋ ಕೇಳಿಸ್ತಲ್ಲ ಎನ್ನುತ್ತಾನೆ ಗಿರಣಿಯವನು. ಅದು ನನ್ನ ಹೊಟ್ಟೆ ಕಣಯ್ಯಾ, ಬೆಳಗಿಂದ ಏನೂ ಬಿದ್ದಿಲ್ಲ ಎನ್ನುತ್ತಾನೆ ಥರ್ಸ್ಟನ್. ಹಾಗಾದ್ರೆ ನಿನ್ನ ಹೊಟ್ಟೇನೇ ದೊರೆಗೆ ವಾರಸುದಾರ ಅಂತ ಹೇಳೋಣ. ಷ್, ಹೆಂಗಸು ನೋವು ತಿಂತಾ ಇದಾರೆ, ನಿಮಗೆ ನಗು ಎಂದಿತು ಹಾಬ್‌ನ ದನಿ. ಆಮೇಲೆ ಏನೋ ಎಳೆದು ತರುವ ಸದ್ದು, ಮರದ ಪಕ್ಕದಲ್ಲಿ, ಬೆಳಕಿಗೆ ಅಡ್ಡವಾಗಿ, ಕುರಿದೊಡ್ಡಿಯ ತಡಿಕೆ, ಒಂದು, ಅದರ ಹಿಂದೆ ಇನ್ನೊಂದು, ಮುಖ ಆಚೆ ತಿರುಗಿಸಿಕೊಂಡೇ ಹಾಬ್ ಹೇಳುತ್ತಿದ್ದಾನೆ, ಅಮ್ಮಾವ್ರೇ, ನಾನು ನೋಡ್ತಾ ಇಲ್ಲ, ಗಾಳಿ ಕೊರೀತಾ ಇದೆ, ಈ ಕಡೆ ತಡಿಕೆ ನಿಲ್ಲಿಸಿ ಮಣ್ಣು ಮೆತ್ತಿಬಿಡ್ತೀನಿ, ಗೋಡೆ ಇದ್ದ ಹಾಗೇ ಆಗುತ್ತೆ. ಗೋಡೆ ಇದ್ದ ಹಾಗೇ. ಬೇಡ ಎಂದು ಅವಳು ಕೂಗಿದಳು, ನೋವಿಗೂ ಅಷ್ಟು ಕೂಗಿರಲಿಲ್ಲ, ಬೇಡ ಹಾಬ್, ತೆಗಿ, ತೆಗಿ ಅದನ್ನ! ಗನ್ನಿಲ್ಡ್ ಗಾಬರಿಯಾದಳು, ಪಾಪ ಒಳ್ಳೇದಕ್ಕೆ ಹೇಳ್ತಾ ಇದಾನೆ ಅಮ್ಮಣ್ಣೀ. ಗೊತ್ತು, ಒಳ್ಳೆಯದಕ್ಕೇ, ಈ ಜನ್ಮದಲ್ಲಿ ಅವಳಿಗೆ ಒಳ್ಳೆಯದು ಮಾಡಿದವರು ಬೆರಳೆಣಿಕೆ, ಅವರಲ್ಲಿ ಒಬ್ಬನ ಒಳ್ಳೆಯತನವೇ ಈಗ ಎಲ್ಲ ಕೆಡಿಸಿಬಿಡುತ್ತಿತ್ತಲ್ಲ. ಹಾಬ್, ನೀನು ಇಗರ್ಜಿ ಗೋಡೆ ಆಚೆ ಸರಿಸಿದೆಯಲ್ಲ, ಹಾಗೇ ಇದನ್ನೂ — ಇಲ್ಲಿ ಇಲ್ಲದ ಗೋಡೆ ಇಲ್ಲದೇ ಇರಲಿ. ತಡಿಕೆ ಅಲ್ಲೇ ನಿಂತಿತು. ಅವನ ಬೆನ್ನು ಮಾತ್ರ ಕಾಣುತ್ತಿತ್ತು, ಬೆನ್ನು ಯೋಚಿಸುತ್ತಿತ್ತು, ಆಮೇಲೆ ಮೆಲ್ಲಗೆ ನೆಟ್ಟಗಾಯಿತು. ಆಗಲಿ ತಾಯೀ ಎಂದ. ತಡಿಕೆಗಳನ್ನು ಒಂದೊಂದಾಗಿ ಎಳೆದುಕೊಂಡು ಹೋದ, ಮರಳಿ ಬಂದು ತಾನು ಹೊದ್ದಿದ್ದ ಕುರಿಚರ್ಮವನ್ನು ಹಿಂದುಹಿಂದಾಗಿ ನಡೆದು ಒಳಗೆ ಚಾಚಿದ, ಗನ್ನಿಲ್ಡ್ ತೆಗೆದು ಹೊದಿಸಿದಳು, ಬೆವರಿನ ವಾಸನೆ, ಕಲ್ಲುಪುಡಿಯ ವಾಸನೆ, ಅಷ್ಟು ಬೆಚ್ಚಗೆ ಯಾವ ರೇಷ್ಮೆ ಹೊದಿಕೆಯೂ ಇರಲಿಲ್ಲ, ಅವನು ಅಂಗಿಯಲ್ಲೇ ಗಾಳಿಗೆ ನಿಂತ.

ಈಗ ಮುಕ್ಕಿ, ಈಗ, ಇನ್ನೊಂದು ಸಲ, ನನ್ನವ್ವ, ಇನ್ನೊಂದೇ ಸಲ — ಮರ ಎರಡಾಯಿತು, ನಾಲ್ಕಾಯಿತು, ಕಪ್ಪು ಹುಳಗಳು ಕೊಂಬೆಗಳ ಮೇಲೆಲ್ಲ ಕೂತವು, ಒಡೆಯಿತು ಏನೋ, ಜಾರಿತು, ಹಗುರ. ಮೌನ. ಅಯ್ಯೋ ಅಳು. ಅಳು ಮಗಾ, ಈ ಕೋಣೆಯಲ್ಲಿ ಅಳಬಹುದು, ನಿನಗೋಸ್ಕರವೇ ಹುಡುಕಿಟ್ಟ ಜಾಗ, ಯಾರ ಕೈಯೂ ನಿನ್ನ ಬಾಯಿಗೆ ಬರುವುದಿಲ್ಲ, ಅಳು — ಬಂತು. ಎಣ್ಣೆ ಕಾಣದ ಗೇಟು ದೂರದಲ್ಲಿ ತೆರೆದ ಹಾಗೆ, ಸಣ್ಣಗೆ, ಆಮೇಲೆ ಇನ್ನೂ ಸ್ವಲ್ಪ ಗಟ್ಟಿಯಾಗಿ, ಗಾಳಿ ಅದನ್ನು ಎತ್ತಿಕೊಂಡು ಮೂಲೆಯಿಂದ ಮೂಲೆಗೆ ಒಯ್ದಿತು. ಹೊರಗೆ ಯಾರೋ ಕೇಳಿಸ್ತು ಅಂದರು. ಹೆಣ್ಣು ಎಂದಳು ಗನ್ನಿಲ್ಡ್, ಅಂಗೈಯಷ್ಟು ಹೆಣ್ಣು, ಪಾದ್ರಿ ಬರೋವರೆಗೆ ಕಾಯೋ ಹಾಗಿಲ್ಲ. ಹೂಜಿಯ ನೀರಿಗೆ ಬೆರಳಿಟ್ಟು ನೋಡಿ ಮುಖ ಕಿವುಚಿದಳು, ಕೊರೆಯುವ ನೀರು, ಒಂದು ಗುಟುಕು ಬಾಯಿಗೆ ತುಂಬಿಕೊಂಡಳು, ಕೆನ್ನೆ ಉಬ್ಬಿಸಿಕೊಂಡು ಕೂತಳು, ಮುದುಕಿ, ಕಣ್ಣಲ್ಲಿ ನೀರು ಬಾಯಲ್ಲಿ ನೀರು, ಅದು ಬೆಚ್ಚಗಾದ ಮೇಲೆ ಅಂಗೈಗೆ ಬಿಟ್ಟುಕೊಂಡು ಆ ಪುಟ್ಟ ನೆತ್ತಿಯ ಮೇಲೆ ಸುರಿದಳು, ಹೆಸರು ಹೇಳಿ ಬೇಗ. ಇಡೋನಿಯ. ತಂದೆಯ, ಮಗನ, ಪವಿತ್ರಾತ್ಮನ ಹೆಸರಲ್ಲಿ ಇಡೋನಿಯ. ಇವಳಿಗಾಗಿ ಯಾರೂ ಗೋಡೆ ಬಾಗಿಸಬೇಕಿಲ್ಲ, ನೇರವಾಗಿ ಒಳಗೆ ಹೋಗುತ್ತಾಳೆ, ಅಕ್ಕಂದಿರ ಪಕ್ಕಕ್ಕೆ. ಎದೆಯ ಮೇಲಿಟ್ಟರು. ಹಕ್ಕಿಯ ತೂಕ.

ಗೊರಸು. ಅವನ ಕುದುರೆಯ ಗೊರಸು ಅವಳಿಗೆ ಗೊತ್ತು, ಎಷ್ಟೋ ವರ್ಷ ಅದನ್ನು ಕೇಳಿದಾಗಲೆಲ್ಲ ಇನ್ನೊಂದು ಕೋಣೆಗೆ ಸರಿದಿದ್ದಾಳೆ, ಇವತ್ತು ಮೊದಲ ಸಲ ಬಾ, ಬಾ ಬೇಗ ಅಂದುಕೊಂಡಳು. ಅತ್ತಿತಾ ಎಂದು ಅವನು ದೂರದಿಂದಲೇ ಅರಚುತ್ತಿದ್ದಾನೆ, ಥರ್ಸ್ಟನ್, ಅತ್ತಿತಾ! ಅತ್ತಿತು ದೊರೆ, ಮೂರು ಜನಾನೂ ಕೇಳಿದ್ವಿ. ಬಾಗಿಲು ಆ ಕಡೆ ಇದೆ, ಬಳಸಿ ಬರಬೇಕು, ಅವನಿಗೆ ಬಳಸಿ ಬರುವಷ್ಟು ತಾಳ್ಮೆ ಎಂದಿಗೆ ಇತ್ತು, ಮರದ ಪಕ್ಕದಿಂದ ಕುದುರೆಯನ್ನೇ ನುಗ್ಗಿಸಿದ, ಒಂದು ಕೊಂಬೆ ಲಟಕ್ಕೆಂದಿತು, ಕುದುರೆಯ ತಲೆ, ಎದೆ, ಅದರ ಮೇಲೆ ಅವನು, ಹೆರಿಗೆ ಕೋಣೆಯ ನಡುವೆ, ಬೂಟು ರಿಕಾಪಿನಲ್ಲೇ, ಮೀಸೆಯಲ್ಲಿ ನಗು, ಕುದುರೆಯ ಬೆವರಿನ ಹನಿ ಅವಳ ಪಾದದ ಮೇಲೆ ಬಿತ್ತು. ಗೆದ್ದೆ ಕಣೇ ಹವೀಸ್ ಎಂದ. ಗಂಡೋ ಹೆಣ್ಣೋ ಕೇಳಲಿಲ್ಲ. ಅವಳು ನಾಲಗೆಯಿಂದ ತುಟಿ ಒದ್ದೆ ಮಾಡಿಕೊಂಡಳು, ಇಷ್ಟು ದಿನ ಕೆನ್ನೆಯಲ್ಲಿಟ್ಟಿದ್ದ ಬೀಜ. ಹಾಬ್, ದೊರೆ ಯಾವ ಕಡೆಯಿಂದ ಒಳಗೆ ಬಂದ್ರು, ನೋಡಿದೆಯಾ? ನೋಡಿದೆ ತಾಯೀ. ಬಾಗಿಲಿಂದಲಾ? ಅಲ್ಲ ತಾಯೀ, ಗೋಡೆಯಿದ್ದ ಕಡೆಯಿಂದ, ಕುದುರೆ ಮೇಲೆ. ನ್ಯಾಯಸ್ಥಾನದಲ್ಲಿ ಕೇಳಿದ್ರೆ? ಬೈಬಲ್ ಮುಟ್ಟಿ ಹೇಳ್ತೀನಿ, ಈ ಕೋಣೆಗೆ ಇರೋದು ಮೂರೇ ಗೋಡೆ, ನಾಲ್ಕನೇದನ್ನ ದೊರೆಯ ಅಪ್ಪಣೆ ಮೇಲೆ ನಾನೇ ಬಿಚ್ಚಿದ್ದು. ಥರ್ಸ್ಟನ್‌ನೂ ಗಿರಣಿಯವನೂ ಮುಖ ಮುಖ ನೋಡಿಕೊಂಡರು, ಗಿರಣಿಯವನು ಸುಮ್ಮನಿರಲಾರದೆ ಒಂದು ಸಲ ನಕ್ಕು ಬಾಯಿ ಮುಚ್ಚಿಕೊಂಡ. ಸಿಕ್ಕಿದ್ದು ಗಾಡಿ ಮಾತ್ರ ಎಂದಳು ಹವೀಸ್, ಮೆಲ್ಲಗೆ, ಅವನಿಗೆ ಮಾತ್ರ ಕೇಳುವ ಹಾಗೆ.

ಅವನು ತಿರುಗಿ ನೋಡಿದ. ಈಗ, ಈ ಮುಖವನ್ನೇ ಅವಳು ನೋಡಬೇಕೆಂದಿದ್ದದ್ದು, ಇದಕ್ಕಾಗಿಯೇ ಇಷ್ಟು ದೂರ ನಡೆದದ್ದು, ಹಾಲು ಒಡೆಯುವ ಹಾಗೆ ಅವನ ಮುಖ ಒಡೆಯುತ್ತಿದೆ, ಕಲ್ಲು ತನ್ನಿ ಎಂದು ಕಿರುಚುತ್ತಿದ್ದಾನೆ, ಈಗಲೇ ಕಟ್ಟಿ, ತಡಿಕೆ ತನ್ನಿ, ಏನಾದ್ರೂ ತನ್ನಿ, ಯಾರೂ ಕದಲುತ್ತಿಲ್ಲ, ನೋಡು ಹವೀಸ್, ಕಣ್ತುಂಬ ನೋಡು, ಅಮ್ಮನಿಗಾಗಿ ನೋಡು, ಇಡೋನಿಯಳ ಜಡೆಗಾಗಿ ನೋಡು — ಆದರೆ ಎದೆಯ ಮೇಲಿನ ಹಕ್ಕಿಯ ತೂಕ ಅಲ್ಲಾಡುವುದನ್ನು ಯಾವಾಗ ನಿಲ್ಲಿಸಿತು, ಗನ್ನಿಲ್ಡ್, ಇವಳು ಯಾಕೆ, ಇನ್ನೊಂದು ಸಲ ಅಳು ಮಗಾ, ಇನ್ನು ಯಾರಿಗೂ ಅದರಿಂದ ಏನೂ ಇಲ್ಲ, ಬರೀ ನನಗೆ, ಒಂದು ಸಲ. ಬಾಯಿ ತೆರೆದೇ ಇದೆ, ಒಂದು ಕಾಳು ಹಿಡಿಯುವಷ್ಟು. ಅವನ ಮುಖ ಎಲ್ಲಿ ಹೋಯಿತು, ಈಗ ಇಲ್ಲೇ ಇತ್ತಲ್ಲ, ನೋಡಬೇಕಿತ್ತು, ಕಪ್ಪು ಹುಳಗಳು ಅವನನ್ನೂ ಕುದುರೆಯನ್ನೂ ಮುಚ್ಚಿಬಿಟ್ಟವು, ಅವುಗಳ ಆಚೆ ಬೆಳಕು, ಬೆಳಕಿನಲ್ಲಿ ಮರ, ಒಂದು ತೋಳು ಮುರಿದು ಜೋತಿದೆ, ಉಳಿದವು ಹಾಗೇ ಚಾಚಿಕೊಂಡಿವೆ, ಮೊಳೆ ಕಿತ್ತು ಎಷ್ಟು ಕಾಲವಾಯಿತು, ಯಾಕೆ ಇಳಿಸಲಿಲ್ಲ, ಎಡಕ್ಕೂ ಬಲಕ್ಕೂ, ಯಾರನ್ನೋ ಎತ್ತಿಕೊಳ್ಳಲು ಹೊರಟ ಹಾಗೆ, ಬೆನ್ನ ಹಿಂದೆ ಏನೂ ಇಲ್ಲದೆ, ಎತ್ತಿಕೊಳ್ಳಲು, ತೋಳು ಚಾಚಿಕೊಂಡು, ಬೆನ್ನ ಹಿಂದೆ ಏನೂ ಇಲ್ಲದೆ, ತೋಳು ಚಾಚಿಕೊಂಡು ಆ ಮರ —